ಹನುಮಮ್ಮನ ಪಿನ್ನು

ಪಿನ್ನು ಕೇಳಿ ಕೊಳ್ಳುವುದಕ್ಕೂ ನಾಚುವವನು ನಾನು ಎಂಬುದು ಮಗಳು ಹುಟ್ಟುವವರೆಗೆ ನನಗೆ ತಿಳಿದಿರಲಿಲ್ಲ.

ಹೇಮಶ್ರೀ ಬಾಣಂತನಕ್ಕೆ ಕುಣಿಗಲ್ಲಿನ ತವರಿಗೆ ಹೋಗಿದ್ದಳು. ನಾನು ತುಮಕೂರಿನಲ್ಲಿ ಒಂದು ರೂಮು ಮಾಡಿಕೊಂಡು, ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಂಡಿದ್ದೆ. ಶನಿವಾರ ಸಂಜೆ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ವಾಪಸ್ಸು. ಮಗುವಿಗೆ ಒಂದು ತಿಂಗಳು ತುಂಬಿದ ವಾರ ಅವಳು ಫೋನ್ ಮಾಡಿ, “ರೀ, ಬರ್ತಾ ಪಾಪು ಬಟ್ಟೆಗೆ ಪಿನ್ನು ತಗೊಂಬನ್ನಿ. ದೊಡ್ಡವು, ತಲೆ ಮೇಲೆ ಲಾಕ್ ಇರೋವು. ಸೀರೆ ಪಿನ್ನು ತರ್ಬೇಡಿ ಅಂತ ಪಾಪುಗೆ ನೀರು ಹಾಕೋ ಹನುಮಮ್ಮ ಹೇಳವ್ರೆ,” ಎಂದಿದ್ದಳು.

ಶಿರಾ ಗೇಟಿನ ಫ್ಯಾನ್ಸಿ ಸ್ಟೋರಿನಲ್ಲಿ ಬಳೆ ನೋಡುವ ಹೆಂಗಸರೇ ತುಂಬಿದ್ದರು. ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಬಂದಿದ್ದ ಕಾರ್ಖಾನೆಯ ಗೆಳೆಯ ಹನುಮಂತರಾಜು ಬೈಕಿನ ಮೇಲೆ ಕೂತೇ, “ಏನ್ ಗುರೂ, ಬಳೆ ತೊಡ್ಸ್ಕೊಂತಿದ್ದೀಯಾ? ಬೇಗ ಬಾರೋ,” ಎಂದು ಕೂಗಿದ. ಇಬ್ಬರು ಹುಡುಗಿಯರು ತಿರುಗಿ ನೋಡಿ ನಕ್ಕರು.

“ಯಾವುದಕ್ಕೆ ಸಾರ್ ಪಿನ್ನು? ಸೀರೆಗಾ, ಮಗೂಗಾ?” ಅಂಗಡಿಯ ಹೆಂಗಸು ಕೇಳಿದಳು.

“ಯಾವುದಾದ್ರೂ ಕೊಡಿ,” ಎಂದೆ. ಅವಳು ಕೈಗೆ ಸಿಕ್ಕಿದ್ದನ್ನು ಕೊಟ್ಟಳು. ತೆಳ್ಳಗೆ ಹೊಳೆಯುವ ಪಿನ್ನುಗಳ ಒಂದು ಗೊಂಚಲು. ನೋಡದೆ ಜೇಬಿಗಿಳಿಸಿದೆ.

ಭಾನುವಾರ ಬೆಳಿಗ್ಗೆ ಹನುಮಮ್ಮ ಬಂದಳು. ಅರವತ್ತು ದಾಟಿದವಳು. ಆ ಬೀದಿಯ ಮಕ್ಕಳಿಗೆಲ್ಲ ನೀರು ಹಾಕಿದವಳು ಅವಳೇ. ಹೇಮಶ್ರೀ ಹುಟ್ಟಿದಾಗ ಅವಳನ್ನೂ ಕಾಲ ಮೇಲೆ ಮಲಗಿಸಿಕೊಂಡು ನೀರೆರೆದಿದ್ದಳಂತೆ. ಮಗುವಿಗೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿದ ಮೇಲೆ ಅವಳು ನನ್ನ ಗೊಂಚಲಿನಿಂದ ಒಂದು ಪಿನ್ನು ಬಿಚ್ಚಿ, ಹೆಬ್ಬೆರಳಿನಿಂದ ಒತ್ತಿದಳು. ತಂತಿ ಬಾಗಿತು. ಕೈ ತೆಗೆದರೂ ಬಾಗಿಯೇ ಉಳಿಯಿತು.

“ಇವು ಸೆರಗಿಗೆ ಅಳಿಮಯ್ಯ. ಕೂಸು ಒಂದ್ಸಲ ಕಾಲು ಜಾಡಿಸಿದ್ರೆ ಬಾಯಿ ಬಿಟ್ಕೊಂತವೆ,” ಎಂದು ಗೊಂಚಲನ್ನು ನನ್ನ ಅತ್ತೆ ಪ್ರೇಮಲತಾ ಅವರ ಕೈಗೆ ಕೊಟ್ಟಳು. “ತಂತಿ ಮೇಲಿನ ಬಟ್ಟೆಗೆ ಆಗ್ತವೆ ಇಟ್ಕೊ ಪ್ರೇಮಕ್ಕ. ಕೆರೆ ಗಾಳಿಗೆ ಬಟ್ಟೆ ಹಾರೋಗಲ್ಲ.”

“ಎಮ್ಮೆ ಓದಿರೋ ಗಂಡನ್ನ ಪಿನ್ನು ತತ್ತಾ ಅಂತ ಕಳ್ಸಿದ್ದು ನಂದೇ ತಪ್ಪು ಬುಡಿ,” ಎಂದಳು ಹೇಮಶ್ರೀ. ನಾನು ಎಂ.ಎ. ಮಾಡಿದ್ದನ್ನು ಅವಳು ಹೀಗೆ ಎಮ್ಮೆಗೆ ಸೇರಿಸುವುದು ಹಳೆಯ ತಮಾಷೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಖ ಬಿಸಿಯಾಗಿದ್ದು ನನಗೆ ಮಾತ್ರ ಗೊತ್ತಾಯಿತು.

ಹನುಮಮ್ಮ ತನ್ನ ಸೆರಗಿನ ಒಳಗಿನಿಂದ ಒಂದು ಪಿನ್ನು ತೆಗೆದಳು. ದಪ್ಪ ಸ್ಟೀಲು. ತಲೆಯ ಮೇಲೆ ಜಾರಿಸಿ ಕೂರಿಸುವ ಟೊಪ್ಪಿ. ಟೊಪ್ಪಿಯ ಮೇಲೆ ಕೆಂಪು ನೇಲ್ ಪಾಲಿಷಿನ ಒಂದು ಬೊಟ್ಟು. ಮನೆ ಮನೆ ಸುತ್ತುವವಳಲ್ಲವೆ, ತನ್ನ ಪಿನ್ನು ಬೇರೆಯವರದರ ಜೊತೆ ಸೇರಿಹೋಗಬಾರದೆಂದು ಮಾಡಿಕೊಂಡ ಗುರುತು. ಅದನ್ನೇ ಮಗುವಿನ ಬಟ್ಟೆಗೆ ಹಾಕಿ, ನೆನೆಸಿದ ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದಳು. ಅತ್ತೆ ಅಡುಗೆಮನೆಗೆ ಹೋದರು. ಬಿಸಿನೀರು ಹಾಕಿಸಿಕೊಂಡಿದ್ದ ಹೇಮಶ್ರೀ ಕಂಬಳಿ ಹೊದ್ದು ನಿದ್ದೆಹೋದಳು.

ಮಗು ಎಚ್ಚರಗೊಂಡು ಮುಲುಗಿತು. ಬಟ್ಟೆ ಒದ್ದೆಯಾಗಿತ್ತು.

ಗುಬ್ಬಿಯ ನಮ್ಮ ಮನೆಯಲ್ಲಿ ಅಪ್ಪ ಒಂದು ದಿನವೂ ಮಗುವಿನ ಬಟ್ಟೆ ಮುಟ್ಟಿದವರಲ್ಲ. ನಾನು ಹಾಗಲ್ಲ ಎಂದು ನನ್ನೊಳಗೇ ಎಷ್ಟೋ ಸಲ ಹೇಳಿಕೊಂಡಿದ್ದೆ. ಯಾರನ್ನಾದರೂ ಕರೆಯಬಹುದಿತ್ತು. ಕರೆಯಲಿಲ್ಲ. ಅವರ ನಗು ಇನ್ನೂ ಕಿವಿಯಲ್ಲಿತ್ತು. ನಾನೇ ಬಟ್ಟೆ ಬಿಚ್ಚಿ, ಒಣಗಿದ್ದನ್ನು ಮಡಿಸಿ ಸುತ್ತಿದೆ. ಹನುಮಮ್ಮನ ಪಿನ್ನು ನನ್ನ ಕೈಗೆ ಬಗ್ಗಲಿಲ್ಲ. ಟೊಪ್ಪಿ ಕೂರಲಿಲ್ಲ. ಅದನ್ನು ತೆಳು ಬಿಳಿ ಶರ್ಟಿನ ಜೇಬಿಗೆ ಹಾಕಿಕೊಂಡು, ಅತ್ತೆ ಕಿಟಕಿಯ ಮೇಲಿಟ್ಟು ಹೋಗಿದ್ದ ಗೊಂಚಲಿನಿಂದ ನನ್ನದೊಂದನ್ನು ತೆಗೆದು ಹಾಕಿದೆ. ಸಲೀಸಾಗಿ ಹೋಯಿತು. ಮಗು ಮಲಗಿತು. ಗೆದ್ದವನಂತೆ ಜಗಲಿಗೆ ಬಂದು ಕೂತೆ.

ಹತ್ತು ನಿಮಿಷ ಆಗಿರಬೇಕು. ಅಂಥ ಅಳುವನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನಾನು ಒಳಗೆ ಹೋಗುವಷ್ಟರಲ್ಲಿ ಹನುಮಮ್ಮ ಸೋಪಿನ ಕೈಯಲ್ಲೇ ಓಡಿಬಂದು ಬಟ್ಟೆ ಬಿಚ್ಚಿದ್ದಳು. ಪಿನ್ನು ಬಾಯಿ ಬಿಟ್ಟಿತ್ತು. ಮಗುವಿನ ತೊಡೆಯಲ್ಲಿ ರಕ್ತದ ಒಂದು ಹನಿ, ಬಟ್ಟೆಯ ಮೇಲೆ ಅದಕ್ಕಿಂತ ದೊಡ್ಡ ಕಲೆ. ಅಳು ಕೇಳಿ ಪಕ್ಕದ ಮನೆಯ ಚಿಕ್ಕಗಂಗಮ್ಮನೂ ಬಂದು ಬಾಗಿಲಲ್ಲಿ ನಿಂತಿದ್ದರು.

“ಏನಮ್ಮಾ ಹನುಮಮ್ಮ ಇದು?” ಅತ್ತೆ ಕಿರುಚಿದರು. “ನೀನೇ ಬೇಡ ಅಂದ ಪಿನ್ನು, ನೀನೇ ಹಾಕಿದ್ದೀಯಲ್ಲ! ಕಣ್ಣು ಕಾಣ್ಸಲ್ವಾ ನಿಂಗೆ?”

ಹನುಮಮ್ಮ ಕೈಯಲ್ಲಿದ್ದ ಪಿನ್ನನ್ನು ನೋಡಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಮುಖವನ್ನಲ್ಲ, ಎದೆಯ ಹತ್ತಿರ ಎಲ್ಲೋ. ನಾನು ಬಾಯಿ ತೆರೆಯಬೇಕಾದ ಹೊತ್ತು ಅದೇ. ಒಂದು ಮಾತು ಸಾಕಿತ್ತು. ಚಿಕ್ಕಗಂಗಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಸುಮ್ಮನಿದ್ದೆ. ಹನುಮಮ್ಮನೂ ಸುಮ್ಮನಿದ್ದಳು.

“ನಾಳೆಯಿಂದ ಬರೋದ್ ಬೇಡ,” ಎಂದರು ಅತ್ತೆ.

ಅವಳು ಕೈ ತೊಳೆದು, ಹಿಂಡಿಟ್ಟಿದ್ದ ಬಟ್ಟೆಗಳನ್ನು ತಂತಿಗೆ ಹರವಿ, ಒಂದೊಂದಕ್ಕೂ ನನ್ನ ಪಿನ್ನು ಚುಚ್ಚಿ, ಹೊರಟುಹೋದಳು.

ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಗಾಯ ಒರೆಸಿ, ಭಯವಿಲ್ಲ ಎಂದರು. “ಯಾರು ಹಾಕಿದ್ದು ಈ ಪಿನ್ನು?” ಎಂದು ಕೇಳಿದರು. “ಕೆಲಸದವಳು,” ಎಂದರು ಅತ್ತೆ. ನಾನು ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಓದುತ್ತಿದ್ದೆ.

ಮನೆಗೆ ಬಂದು ಶರ್ಟನ್ನು ಮೊಳೆಗೆ ಹಾಕಿ, ಮುಲಾಮು ತರಲು ಮೆಡಿಕಲ್ಸಿಗೆ ಹೋದೆ. ವಾಪಸ್ಸು ಬಂದಾಗ ಶರ್ಟು ತಾರಸಿಯ ತಂತಿಯ ಮೇಲೆ ನೀರು ಸೋರಿಸುತ್ತಿತ್ತು. ಜೇಬಿನಲ್ಲಿದ್ದ ಪಿನ್ನು? ಬಕೆಟ್ಟಿನ ತಳ, ಒಗೆಯುವ ಕಲ್ಲಿನ ಸುತ್ತ, ಮೋರಿ, ಎಲ್ಲ ಕಡೆ ಹುಡುಕಿದೆ. “ಏನಾದ್ರೂ ಬೇಕಿತ್ತಾ?” ಎಂದು ಅತ್ತೆ ಕೇಳಿದರು. “ಏನಿಲ್ಲ,” ಎಂದೆ. ನೀರಲ್ಲಿ ಹೋಗಿರಬೇಕು ಎಂದುಕೊಂಡಾಗ ನನಗೆ ಸಮಾಧಾನವಾಯಿತು. ಅದನ್ನು ಬರೆಯಲು ಈಗ ಕೈ ಹಿಂದೆಗೆಯುತ್ತದೆ. ಆದರೆ ಆದದ್ದು ಸಮಾಧಾನವೇ.

ಬುಧವಾರ ರೂಮಿನಲ್ಲಿ ಆ ಶರ್ಟು ತೊಟ್ಟೆ. ಎದೆಗೆ ಏನೋ ಗಟ್ಟಿಯಾಗಿ ತಾಗಿತು. ಜೇಬಿನ ಒಳಬದಿಗೆ, ಹೊಲಿಗೆಯ ಪಕ್ಕದಲ್ಲಿ, ಹೊರಗೆ ಕಾಣದ ಹಾಗೆ ಒಂದು ಪಿನ್ನು ಹಾಕಿತ್ತು. ಕೆಂಪು ಬೊಟ್ಟು. ಟೊಪ್ಪಿ ಭದ್ರವಾಗಿ ಕೂತಿತ್ತು.

ನಾನು ಅದನ್ನು ಜೇಬಿನಲ್ಲಿ ಬರಿದೇ ಹಾಕಿಟ್ಟಿದ್ದೆ. ಚುಚ್ಚಿರಲಿಲ್ಲ. ಟೊಪ್ಪಿ ಕೂರಿಸುವುದು ನನಗೆ ಬಂದೂ ಇರಲಿಲ್ಲ. ಶರ್ಟು ಒಗೆದು ಮಡಿಸಿ ನನ್ನ ಬ್ಯಾಗಿಗೆ ಇಟ್ಟವರು ಅತ್ತೆ. ಹಾಗಾದರೆ ಭಾನುವಾರ ಮಧ್ಯಾಹ್ನದಿಂದಲೇ ಅವರಿಗೆ ಗೊತ್ತು. ಗೊತ್ತಿದ್ದೂ ನನಗೆ ಮುದ್ದೆ ಬಡಿಸಿದ್ದರು. ಗೊತ್ತಿದ್ದೂ ಹನುಮಮ್ಮನನ್ನು ಕರೆಸಿರಲಿಲ್ಲ. ಅಳಿಯನ ಮರ್ಯಾದೆಯನ್ನು ಅವರು ಪಿನ್ನು ಹಾಕಿ ಭದ್ರ ಮಾಡಿ ಕಳಿಸಿದ್ದರು.

ಆ ಸಂಜೆ ಹೇಮಶ್ರೀ ಫೋನಿನಲ್ಲಿ ಹೇಳಿದಳು: “ಪಕ್ಕದ್ಮನೆ ಅರುಣಾಗೆ ಮುಂದಿನ ತಿಂಗಳು ಡೇಟ್ ಅಲ್ವಾ? ಹನುಮಮ್ಮನ್ನೇ ಗೊತ್ ಮಾಡಿದ್ರು. ಈಗ ಅವರತ್ತೆ ಚಿಕ್ಕಗಂಗಮ್ಮ ಬೇಡ ಅಂದ್ರಂತೆ. ಕಣ್ಣು ಮಂಜಾಗೈತೆ, ಮಗೂಗೆ ಚುಚ್ಚಿಬಿಟ್ಳು ಅಂತ ಬೀದಿಲೆಲ್ಲಾ ಅದೇ ಮಾತು. ಇನ್ಯಾರೂ ಕರಿಯಲ್ಲ ಅವರ್ನ.”

“ಕೇಳುಸ್ತಾ?” ಎಂದಳು. “ಹೂಂ,” ಎಂದೆ.

ಶನಿವಾರ ಒಬ್ಬನೇ ಶಿರಾ ಗೇಟಿನ ಅಂಗಡಿಗೆ ಹೋದೆ. ಅವತ್ತೂ ಹೆಂಗಸರಿದ್ದರು. “ಮಗುವಿನ ನ್ಯಾಪಿಗೆ ಹಾಕೋ ಪಿನ್ನು ಬೇಕು. ನಂಗೆ ಗೊತ್ತಾಗಲ್ಲ, ನೋಡಿ ಕೊಡಿ,” ಎಂದೆ. ಅಂಗಡಿಯವಳು ಒಂದು ಡಬ್ಬಿ ತೆಗೆದು ಗಾಜಿನ ಮೇಲೆ ಸುರಿದಳು. “ಬೆರಳಲ್ಲಿ ಒತ್ತಿ ನೋಡಿ ಸಾರ್. ಬಗ್ಗಿ ವಾಪಸ್ ಬರ್ಬೇಕು. ಮೊನೆ ನುಣ್ಣಗಿರ್ಬೇಕು, ಬಟ್ಟೆ ಎಳೆ ಹಿಡೀಬಾರ್ದು. ಟೊಪ್ಪಿ ಸಡಿಲ ಇದ್ರೆ ಅತ್ಲಾಗಿ ಎಸೀರಿ. ಒಗೆಯೋ ಬಟ್ಟೇಲಿ ಬುಟ್ಟು ತುಕ್ಕು ಹಿಡಿಸ್ಬೇಡಿ ಮತ್ತೆ.” ಒಂದೊಂದನ್ನೂ ಒತ್ತಿ ನೋಡಿ ಆರಿಸಿದೆ. ಯಾರೂ ನಗಲಿಲ್ಲ. ಮೊದಲ ದಿನವೂ ಇಷ್ಟೇ ಆಗುತ್ತಿತ್ತು.

ಕುಣಿಗಲ್ಲಿನಲ್ಲಿ ಇಳಿದವನು ಅತ್ತೆಯ ಮನೆಗೆ ಹೋಗದೆ, ಕೆರೆ ಏರಿಯ ಕೆಳಗಿನ ಹನುಮಮ್ಮನ ಮನೆಗೆ ಹೋದೆ. ಅವಳು ಹೊಸ್ತಿಲಲ್ಲಿ ಕೂತು ಹಳೆಯ ಪಂಚೆಯೊಂದನ್ನು ಚೌಕಗಳಾಗಿ ಹರಿಯುತ್ತಿದ್ದಳು. ಅರುಣಾಳ ಮಗುವಿಗೆಂದು ಮೊದಲೇ ಕೂಡಿಟ್ಟುಕೊಂಡದ್ದಿರಬೇಕು. ನನ್ನನ್ನು ಕಂಡು ಎದ್ದಳು.

“ಕೂಸು ಚೆನ್ನಾಗೈತಾ ಅಳಿಮಯ್ಯ?”

ನಾನು ಅವಳ ಪಿನ್ನನ್ನು ಕೈಯಲ್ಲಿಟ್ಟೆ. ಬರುವ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. “ನಾನೇ ಹಾಕಿದ್ದು. ನನ್ನಿಂದ ಆಗಿದ್ದು,” ಎಂದೆ.

“ಗೊತ್ತು ಬುಡಿ. ಅವತ್ತೇ ನಿಮ್ ಜೇಬಲ್ಲಿ ಕೆಂಪಗೆ ಕಾಣ್ತಿತ್ತು.” ಅವಳು ಪಿನ್ನನ್ನು ಸೆರಗಿಗೆ ಉಜ್ಜಿ ನೋಡಿದಳು. “ಹೊಸ ಅಳಿಯ. ನಾಕ್ ಜನದ್ ಮುಂದೆ ಏನಂತ ಹೇಳ್ಲಿ? ನೀವೇ ಹೇಳ್ತೀರೇನೋ ಅಂತ ಒಂದ್ ಗಳಿಗೆ ನೋಡ್ದೆ.”

“ತಪ್ಪಾಯ್ತು ಹನುಮಮ್ಮ.”

“ನನ್ನತ್ರ ಹೇಳಿ ಏನ್ ಬಂತು?” ಎಂದಳು. ಕೋಪವಿರಲಿಲ್ಲ. “ನಂಗ್ ಗೊತ್ತಿರೋದೇ ಅಲ್ವಾ ಅದು.”

ಮತ್ತೆ ಕೂತು ಪಂಚೆ ಹರಿಯತೊಡಗಿದಳು. ನಾನು ಇನ್ನೂ ನಿಂತಿದ್ದೆ. ಆಮೇಲೆ ಅತ್ತೆಯ ಪಕ್ಕದ ಮನೆಗೆ ನಡೆದೆ.

ಚಿಕ್ಕಗಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ತುಂಬು ಬಸುರಿ ಅರುಣಾ, ಎದುರಿಗೆ ಬೀದಿಯ ಇನ್ನಿಬ್ಬರು ಹೆಂಗಸರು. ಬೇರೆಯವರು ಇಲ್ಲದ ಹೊತ್ತಿಗೆ ಬರೋಣ ಎಂದು ಕಾಲು ಹಿಂದೆಗೆಯಿತು. ಆದರೆ ಚಿಕ್ಕಗಂಗಮ್ಮ ಆಗಲೇ ನನ್ನನ್ನು ನೋಡಿದ್ದರು.

“ಬನ್ನಿ ಮೋಹನ್‌ಕುಮಾರ್, ಏನ್ ಇಷ್ಟ್ ದೂರ?”

“ಅವತ್ತು ಪಾಪುಗೆ ಆ ಪಿನ್ನು ಹಾಕಿದ್ದು ಹನುಮಮ್ಮ ಅಲ್ಲ. ಅವರು ಹಾಕಿದ್ದನ್ನ ತೆಗೆದು ನಾನು ಹಾಕ್ದೆ. ಪಿನ್ನು ತಂದಿದ್ದೂ ನಾನೇ.”

ಸುಲಿಯುವ ಕೈಗಳು ನಿಂತವು. ಆಮೇಲೆ ಒಬ್ಬಳು ಕಿಸಕ್ಕೆಂದಳು. ಚಿಕ್ಕಗಂಗಮ್ಮ ಬಾಯಿಗೆ ಸೆರಗು ಹಿಡಿದರು. “ಅಯ್ಯೋ ನಿಮ್ಮ! ಗಂಡಸ್ರಿಗ್ಯಾಕಪ್ಪ ಆ ಉಸಾಬರಿ?” ಎಂದರು. ನಗು ನಿಂತ ಮೇಲೆ ನನ್ನನ್ನು ಬೇರೆ ಥರ ನೋಡಿದರು. “ಅಲ್ಲಾ, ಅವತ್ತು ನನ್ ಪಕ್ಕದಲ್ಲೇ ನಿಂತಿದ್ರಲ್ಲ ನೀವು. ಆ ಮುದುಕಿ ಅಷ್ಟು ಬೈಸ್ಕೊಂತಿದ್ರೂ ನಿಂತೇ ಇದ್ರಲ್ಲ.”

ನಗುವನ್ನು ತಡೆದುಕೊಳ್ಳಲು ತಯಾರಾಗಿ ಬಂದಿದ್ದೆ. ಇದಕ್ಕೆ ತಯಾರಾಗಿರಲಿಲ್ಲ. “ಹೌದು,” ಎಂದೆ.

ನಾನು ಕಾಂಪೌಂಡು ದಾಟುವಷ್ಟರಲ್ಲಿ ಮಾತು ನನಗಿಂತ ಮುಂದೆ ಹೋಗಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ಶರ್ಟಲ್ಲಿದ್ದ ಪಿನ್ನು ಕೊಟ್ಟುಬಂದೆ ಅತ್ತೆ. ಹನುಮಮ್ಮನ್ನ ನಾಳೆ ಕರೀರಿ.”

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. “ನೀವೇ ಕರೀರಿ,” ಎಂದರು. “ನಾನ್ ಯಾವ್ ಮುಖ ಇಟ್ಕೊಂಡ್ ಕರೀಲಿ?”

ಒಳಗೆ ಹೇಮಶ್ರೀ ಮಗುವಿಗೆ ಹಾಲು ಕೊಡುತ್ತಿದ್ದಳು. ನನ್ನ ಕಡೆ ತಿರುಗದೆ, “ಕಾಫಿ ಕುಡೀರಿ, ಆರೋಗುತ್ತೆ,” ಎಂದಳು.

ಮತ್ತೆ ಏರಿಯ ಕೆಳಗೆ ಹೋಗಿ ನಾನೇ ಕರೆದೆ. ಭಾನುವಾರ ಬೆಳಿಗ್ಗೆ ಹನುಮಮ್ಮ ಬಂದಳು. ಅತ್ತೆಯೂ ಅವಳೂ ಹಂಡೆಯ ನೀರಿನ ಹದದ ಬಗ್ಗೆ ಮಾತ್ರ ಮಾತಾಡಿಕೊಂಡರು. ಮಗುವಿಗೆ ನೀರು ಹಾಕಿ ಮುಗಿಯುವ ಹೊತ್ತಿಗೆ ಚಿಕ್ಕಗಂಗಮ್ಮ ಕಾಂಪೌಂಡಿನ ಆಚೆಯಿಂದ ಕೂಗಿದರು: “ಹನುಮಮ್ಮ, ಆ ಕಡೆ ಮುಗಿಸ್ಕೊಂಡ್ ಈ ಕಡೆ ಬಂದೋಗು. ಅರುಣಾ ಕಾಲ್ ಊದವೆ, ಒಸಿ ನೋಡು.”

“ಬಂದೆ ಕಣಕ್ಕ,” ಎಂದಳು. ದನಿ ಒಂದಿಷ್ಟೂ ಏರಿಳಿಯಲಿಲ್ಲ.

ನಾನು ತಂದಿದ್ದ ಪಿನ್ನುಗಳನ್ನು ಅವಳ ಮುಂದಿಟ್ಟೆ. ಒಂದೊಂದನ್ನೇ ಒತ್ತಿ ನೋಡಿ, ಎರಡನ್ನು ತಂತಿಯ ಬಟ್ಟೆಗೆಂದು ಪಕ್ಕಕ್ಕೆ ಹಾಕಿ, ಒಂದನ್ನು ನನ್ನ ಕೈಗೆ ಕೊಟ್ಟಳು. “ಬನ್ನಿ, ಕೂತ್ಕೊಳ್ಳಿ. ಅಡ್ಡಕ್ಕೆ ಹಾಕ್ಬೇಕು. ಮೊದ್ಲು ಎಡಗೈ ಎರಡ್ ಬೆರಳು ಬಟ್ಟೆ ಒಳೀಕ್ ಬುಡಿ, ಕೂಸಿನ್ ಹೊಟ್ಟೆಗೂ ಬಟ್ಟೆಗೂ ಮಧ್ಯ. ಚುಚ್ಚೋದಾದ್ರೆ ನಮ್ ಬೆರಳಿಗ್ ಚುಚ್ಚಲಿ.”

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕಂಬಳಿಯೊಳಗಿಂದ ಹೇಮಶ್ರೀ ನೋಡುತ್ತಿದ್ದಳು. ಎರಡು ಬೆರಳು ಒಳಗಿಟ್ಟೆ. ಮಗುವಿನ ಹೊಟ್ಟೆ ಬೆಚ್ಚಗೆ ಏರಿಳಿಯುತ್ತಿತ್ತು. ಪಿನ್ನು ಎರಡು ಪದರ ದಾಟಿ ನನ್ನ ಬೆರಳಿಗೆ ನಾಟಿತು.

ಕೈ ತೆಗೆಯಲಿಲ್ಲ. ಮೊನೆಯನ್ನು ತಿರುಗಿಸಿ ಬಟ್ಟೆಯಿಂದ ಹೊರಕ್ಕೆ ತಂದು, ಟೊಪ್ಪಿ ಜಾರಿಸಿದೆ. ಟಕ್ ಎಂದು ಕೂತಿತು. ಹನುಮಮ್ಮ ಬಗ್ಗಿ ನೋಡಿ, ತನ್ನ ಸೆರಗಿನ ತುದಿಯಿಂದ ನನ್ನ ಬೆರಳನ್ನು ಒರೆಸಿ, ಒಗೆಯುವ ಬಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು.