ಮಲಗದ ಕುರಿಗಳು

ನನ್ನ ಲಾರಿಗೆ ನಡುಕ ಹಿಡಿದು ತಿಂಗಳಾಗಿತ್ತು. ವೇಗ ಐವತ್ತು ದಾಟಿದರೆ ಸಾಕು, ಸ್ಟೀರಿಂಗ್‌ನಿಂದ ಸೀಟಿನವರೆಗೆ ಗುರ್ರೆಂದು ನಡುಗುತ್ತಿತ್ತು. ಹೊಳಲ್ಕೆರೆಯ ಮೆಕ್ಯಾನಿಕ್ ಇಂಜಿನ್ ಕೂರುವ ರಬ್ಬರ್ ಬದಲಿಸಿದ. ಹೊಸದುರ್ಗದವನು ಡೀಸೆಲ್ ಪೈಪುಗಳನ್ನು ಒಂದೊಂದಾಗಿ ಸಡಿಲಿಸಿ, ಯಾವ ಸಿಲಿಂಡರ್ ಸುಮ್ಮನಿದೆ ಎಂದು ಸದ್ದು ಕೇಳಿ ನೋಡಿದ. ಎಲ್ಲವೂ ಸರಿಯಿದ್ದವು. "ಒಂದ್ ರೌಂಡ್ ಓಡ್ಸಿ ನೋಡ್ತೀನಿ" ಎಂದವನಿಗೆ ನಾನು ಕೀ ಕೊಡಲಿಲ್ಲ. ಹದಿನೆಂಟು ವರ್ಷ ಸ್ಟೀರಿಂಗ್ ಹಿಡಿದವನು ನಾನು, ರೋಗ ಇಂಜಿನ್ನಿನದೇ ಎಂದು ಹಟ ಹಿಡಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಆ ದಿನ ಮಲ್ಲಕ್ಕನ ಕುರಿಗಳನ್ನು ಹಿರಿಯೂರಿನಿಂದ ತುರುವನೂರಿಗೆ ಸಾಗಿಸಬೇಕಿತ್ತು. ಮಲ್ಲಕ್ಕ ನಮ್ಮವ್ವನ ಊರಿನವಳು. ಕೊಯ್ಲಾದ ಹೊಲಗಳಲ್ಲಿ ಮೇಯಿಸಲು ಪ್ರತಿ ವರ್ಷ ತುರುವನೂರಿಗೆ ನಡೆದೇ ಹೋಗುತ್ತಿದ್ದಳು. ಈ ಸಲ ನಲವತ್ತು ಕುರಿಗಳು ತುಂಬಿದ ಗಬ್ಬ, ಅಷ್ಟು ದೂರ ನಡೆಯಲಾರವು. ದಾರಿಯಲ್ಲಿ ಬಿದ್ದು ಪೆಟ್ಟಾದರೆ ಮರಿ ಹೋಗುತ್ತವೆ, ಅವಳ ವರ್ಷದ ಬದುಕೂ ಹೋಗುತ್ತದೆ. ಅದಕ್ಕೇ ಕುರಿಗಳ ಜತೆ ಹಿಂದೆಯೇ ನಿಂತಳು.

"ಹಗೂರಕ್ಕೆ ಓಡ್ಸಪ್ಪ ಕನಕರಾಜ. ಏನಾರ ಆದ್ರೆ ಕ್ಯಾಬಿನ್ ಬಡೀತೀನಿ."

"ಇಂಜಿನ್ ಒಂಚೂರು ನಡುಗ್ತೈತೆ, ಅಷ್ಟಕ್ಕೆಲ್ಲ ಬಡೀಬ್ಯಾಡ. ಘಳಿಗೆಗೊಂದ್ಸಲ ನಿಲ್ಸಾಕೆ ಇದೇನು ಎತ್ತಿನ ಗಾಡಿನಾ?" ಎಂದು ಗದರಿದೆ. ಅವಳು ಕುರಿಗಳ ಕಡೆ ತಿರುಗಿದಳು.

ಐಮಂಗಲ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಬಿಟ್ಟೆ. ಡೀಸೆಲ್ ಉಳಿಸುವ ಕೆಟ್ಟ ಚಾಳಿ ಅದು. ಇಂಜಿನ್ ಸದ್ದು ತಗ್ಗಿತು. ಆಗಲೇ ತಲೆಯ ಹಿಂದೆ ತಗಡಿನ ಮೇಲೆ ದಬದಬ ಬಡಿತ ಕೇಳಿಸಿತು. ಬೈಯುತ್ತಲೇ ಪಕ್ಕಕ್ಕೆ ನಿಲ್ಲಿಸಿ ಇಳಿದೆ.

"ಏನಾತು ನಿಂಗೆ?"

"ನಂಗೇನಿಲ್ಲಪ್ಪ, ಕುರಿ ಮಲಗ್ತಿಲ್ಲ."

"ಮಲಗ್ದಿದ್ರೆ ನಾನೇನ್ ಜೋಗುಳ ಹಾಡ್ಲಾ?"

"ಸ್ವಲ್ಪ ಕೇಳು. ಗಾಡಿ ಓಡಾಕೆ ಹತ್ತಿದ್ರೆ ಕುರಿ ತಾವೇ ಮಲಗ್ತಾವೆ. ಕಾಲ ಕೆಳಗೆ ನಡುಗಿದ್ರೆ ಮಾತ್ರ ಮಲಗಲ್ಲ. ನೀನು ಇಂಜಿನ್ನು ಅಂದೆ. ಈಗ ಇಂಜಿನ್ ಸದ್ದು ಇಳೀತು, ನಡುಕ ಇಳೀಲಿಲ್ಲ. ಇಲ್ಲೇ ನಡುವಿನಾಗೆ ಐತೆ. ಇಲ್ಲಿ ಒಂದು ಕುರೀನೂ ನಿಲ್ತಿಲ್ಲ, ಹತ್ತಿ ನೋಡು ಬೇಕಾರೆ."

ಹತ್ತಿ ನೋಡಿದೆ. ಕುರಿಗಳೆಲ್ಲ ಹಿಂದಕ್ಕೂ ಮುಂದಕ್ಕೂ ಒತ್ತಿಕೊಂಡು ನಿಂತಿದ್ದವು, ನಟ್ಟನಡುವೆ ಒಂದು ಚಾಪೆಯಷ್ಟು ಜಾಗ ಖಾಲಿ ಬಿದ್ದಿತ್ತು. ಅದರ ಕೆಳಗೆ ಇರುವುದು ಇಂಜಿನ್ ಅಲ್ಲ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟು. ಇಂಜಿನ್ ತಣ್ಣಗಾದರೂ ಚಕ್ರ ಉರುಳುವವರೆಗೆ ಅದು ತಿರುಗುತ್ತಲೇ ಇರುತ್ತದೆ. ಲಾರಿಯ ಕೆಳಗೆ ನುಸುಳಿದೆ. ಶಾಫ್ಟಿನ ಎರಡು ತುಂಡುಗಳನ್ನು ಕೂಡಿಸುವ ಕಡೆ ನಾಲ್ಕು ಬೋಲ್ಟುಗಳಲ್ಲಿ ಎರಡು ಇರಲೇ ಇಲ್ಲ. ಮೂರನೆಯದು ಬೆರಳಿಗೇ ತಿರುಗಿತು.

ಫೋನ್ ಮಾಡಿದ್ದಕ್ಕೆ ಚಿತ್ರದುರ್ಗದಿಂದ ದುರ್ಗೇಶ್ ಎಂಬ ಮೆಕ್ಯಾನಿಕ್ ಬಂದ. "ಇನ್ನೊಂದು ಹತ್ತು ಕಿಲೋಮೀಟ್ರು ಹೋಗಿದ್ರೆ ಶಾಫ್ಟು ಕಳಚಿ ರಸ್ತೆಗೆ ನೆಟ್ಕಂತಿತ್ತಣ್ಣ. ಗಾಡಿ ಪಲ್ಟಿನೇ," ಎಂದು ತಣ್ಣಗೆ ಹೇಳಿ ಹೊಸ ಬೋಲ್ಟುಗಳನ್ನು ಬಿಗಿದ.

ತುರುವನೂರಿನಲ್ಲಿ ಕುರಿಗಳನ್ನು ಒಂದೊಂದಾಗಿ ಎತ್ತಿ ಇಳಿಸಿದೆವು. ಒಂದಕ್ಕೂ ಪೆಟ್ಟಾಗಿರಲಿಲ್ಲ. ಧನ್ಯವಾದ ಹೇಳಿ ರೂಢಿಯಿಲ್ಲದ ನಾಲಿಗೆ ನನ್ನದು, ಆದರೂ ಎದೆ ತುಂಬಿ ಬಂತು.

"ನನ್ನ ಜೀವ ಉಳಿಸಿದೆ ಮಲ್ಲಕ್ಕ. ಈ ಋಣ ನಾನು ಮರೆಯಾಕಿಲ್ಲ."

ಅವಳು ಒಂದು ಕುರಿಯ ಹೊಟ್ಟೆ ಸವರುತ್ತಾ, "ಹಿರಿಯೂರು ದಾಟಿದಾಗ್ಲೇ ನಂಗೆ ಅನುಮಾನ ಬಂದಿತ್ತು," ಎಂದಳು.

"ಮತ್ಯಾಕೆ ಆಗ್ಲೇ ಬಡೀಲಿಲ್ಲ?"

"ಬೈತೀಯ ಅಂತ."

ನಾನು ತಲೆ ತಗ್ಗಿಸಿದೆ. ಇಪ್ಪತ್ತು ಕಿಲೋಮೀಟರ್ ದೂರ ಅವಳು ಆ ನಡುಕದ ಮೇಲೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು, ಶಾಫ್ಟಿಗಿಂತ ನನ್ನ ಬಾಯಿಗೆ ಹೆದರಿ. ಆ ಹೆದರಿಕೆ ಇಟ್ಟುಕೊಂಡೇ ಕೈ ಎತ್ತಿ ಬಡಿದಳಲ್ಲ, ಅದನ್ನು ನೆನೆದು ಕಣ್ಣು ಒದ್ದೆಯಾಯಿತು.

"ಇನ್ಮೇಲೆ ಅನುಮಾನ ಬಂದ ಕೂಡ್ಲೇ ಬಡಿಯಕ್ಕ."

"ಬಡೀತೀನಿ. ನೀನು ನಗ್ತಾ ಇಳೀತೀಯೇನು?"

"ನಗೋದು ಗೊತ್ತಿಲ್ಲ. ಇಳೀತೀನಿ," ಎಂದೆ.