ಅಮ್ಮನ ಟ್ರಂಕ್ ಕಾಲ್

ಅಂಬುಜಾಳನ್ನು ನೈರೋಬಿಯ ಆಸ್ಪತ್ರೆಗೆ ಸೇರಿಸಿದ ದಿನವೇ ಅವಳ ನಾದಿನಿ ಕಮಲಾ ಅದೇ ಊರಿನ ಲೊರೆಶೋ ಬಡಾವಣೆಯಿಂದ ಸೂಟ್‌ಕೇಸ್ ಹಿಡಿದು ವೆಸ್ಟ್‌ಲ್ಯಾಂಡ್ಸ್‌ನ ಅಣ್ಣನ ಮನೆಗೆ ಬಂದಳು. ಬಂದವಳು ಮೊದಲು ಮಾಡಿದ ಕೆಲಸ ಒಂದು ಸುಳ್ಳು ಕಟ್ಟಿದ್ದು.

"ಮಗೂಗೆ ಕ್ಯಾನ್ಸರ್ ಗೀನ್ಸರ್ ಅಂತೆಲ್ಲ ಹೇಳ್ಬೇಡ ಅಣ್ಣ. ಬೆಂಗಳೂರಲ್ಲಿ ಅಜ್ಜಿಗೆ ಹುಷಾರಿಲ್ಲ, ಅಮ್ಮ ನೋಡೋಕೆ ಹೋಗಿದಾಳೆ ಅಂದ್ಬಿಡೋಣ."

ಇಂಡಸ್ಟ್ರಿಯಲ್ ಏರಿಯಾದ ಬಣ್ಣದ ಫ್ಯಾಕ್ಟರಿಯಲ್ಲಿ ಎಲ್ಲರನ್ನೂ ಗದರಿಸುವ ರಾಮಚಂದ್ರ, ತಂಗಿಯ ಮಾತಿಗೆ ಕೋಲೆಬಸವನಂತೆ ತಲೆಯಾಡಿಸಿದ. ನಮ್ಮ ಜನ ಮಕ್ಕಳನ್ನು ಕಾಪಾಡುವುದು ಹೀಗೇ. ನಿಜ ಹೇಳುವ ಕಷ್ಟ ತಮಗೆ ತಪ್ಪಿದರೆ ಸಾಕು, ಅದಕ್ಕೆ ಪ್ರೀತಿ ಎಂದು ಹೆಸರಿಡುತ್ತಾರೆ.

ಎಂಟು ವರ್ಷದ ವಿಮಲಾ ಪೂರ್ತಿ ನಂಬಿದಳು. ನಂಬಿದ್ದರಿಂದಲೇ ಸಿಟ್ಟಾದಳು. ಹೇಳದೆ ಕೇಳದೆ ತನ್ನನ್ನು ಬಿಟ್ಟು ಅಮ್ಮ ವಿಮಾನ ಹತ್ತಿದ್ದಾಳೆ! "ವೈ ಡಿಡ್‌ಂಟ್ ಶೀ ಟೇಕ್ ಮಿ?" ಎಂದು ದಿನಾ ಕೇಳಿದಳು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಆದರೆ ಉತ್ತರವೆಲ್ಲ ಇಂಗ್ಲಿಷಿನಲ್ಲೇ. ಅಂಬುಜಾಳಿಗೆ ಅದೊಂದು ಕೊರಗು. "ಒಂದೇ ಒಂದ್ಸಲ ಕನ್ನಡದಲ್ಲಿ ಮಾತಾಡೇ ಚಿನ್ನಾ" ಎಂದು ಗೋಗರೆದರೆ ಹುಡುಗಿ ನಕ್ಕು ಓಡುತ್ತಿದ್ದಳು.

ಆಸ್ಪತ್ರೆಯಲ್ಲಿ ಅಂಬುಜಾ ಮಗಳನ್ನು ನೋಡಲೇಬೇಕೆಂದು ಹಟ ಹಿಡಿದಳು. ಕೂದಲು ಉದುರಿ, ಮೈ ಕಡ್ಡಿಯಾಗಿತ್ತು.

"ಈ ಅವತಾರದಲ್ಲಿ ನೋಡಿದ್ರೆ ಮಗು ಹೆದರ್ಕೊಳ್ಳಲ್ವಾ ಅತ್ತಿಗೆ?" ಎಂದಳು ಕಮಲಾ, ಅವಳ ಮುಖದ ಮೇಲೇ.

ಕೊನೆಗೆ ಫೋನಿನಲ್ಲಿ ಮಾತಾಡಲು ಬಿಟ್ಟರು. ಅದಕ್ಕೂ ಷರತ್ತು.

"ಟ್ರಂಕ್ ಕಾಲ್ ಥರ ಇರ್ಬೇಕು" ಎಂದ ರಾಮಚಂದ್ರ, ವಾರ್ಡಿನ ಫೋನನ್ನು ಹೆಂಡತಿಯ ಕಿವಿಗೆ ಹಿಡಿಯುತ್ತ. "ಜೋರಾಗಿ ಕೂಗು. ಬೆಂಗಳೂರಿಂದ ಯಾರಾದ್ರೂ ಪಿಸುಗುಟ್ತಾರಾ?"

ಉಸಿರಿಗೇ ತತ್ವಾರವಾಗಿದ್ದವಳು ಕೂಗಿದಳು. "ವಿಮಲಾ! ಕೇಳಿಸ್ತಿದೆಯಾ?"

"ವೆನ್ ಆರ್ ಯೂ ಕಮಿಂಗ್?"

"ಬರ್ತೀನಿ ಚಿನ್ನಾ... ಅಜ್ಜಿಗೆ ಹುಷಾರಾಗ್ಲಿ..."

ಆಗಲೇ ಅವಳ ಹಿಂದೆ ಚಹಾದ ಗಾಡಿ ತಳ್ಳಿಕೊಂಡು ಬಂದ ಹೆಂಗಸು ಕೇಳಿದಳು, "ಮಾಮಾ, ಚಾಯ್?"

ಮನೆಯಲ್ಲಿ ವಿಮಲಾ ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ನೈರೋಬಿಯಲ್ಲಿ ಮಕ್ಕಳಿರುವ ಹೆಂಗಸರೆಲ್ಲ ಮಾಮಾ. ತರಕಾರಿಯವಳು ಅಮ್ಮನನ್ನು ಕರೆಯುವುದೂ ಹಾಗೇ. ಪಕ್ಕದಲ್ಲಿ ಕಿವಿಯಾನಿಸಿ ನಿಂತಿದ್ದ ಕಮಲಾಗೆ ತಟ್ಟನೆ ಬುದ್ಧಿ ಓಡಿತು.

"ಅಮ್ಮನ ಅಣ್ಣ ಇಲ್ವೇನೇ, ನಿನ್ನ ಮಾಮ? ಅವರನ್ನ ಚಾ ಕುಡಿಯೋಕೆ ಕರೀತಿದಾರೆ ಅಷ್ಟೆ!"

ಎಷ್ಟು ಚೆನ್ನಾಗಿ ಸಂಭಾಳಿಸಿದೆ ಎಂದು ಅವಳಿಗೆ ಹೆಮ್ಮೆಯೂ ಆಯಿತು. ಆದರೆ ಹಿಂದಿನ ವರ್ಷ ರಜೆಗೆ ಹೋದಾಗ ವಿಮಲಾ ಅಜ್ಜಿಯ ಅಡುಗೆಮನೆಯಲ್ಲೇ ಬಿದ್ದುಕೊಂಡಿದ್ದಳು. ಆ ಮನೆಯಲ್ಲಿ ಚಹಾಪುಡಿಯೇ ಇರಲಿಲ್ಲ. ಮಾಮ, ಅಜ್ಜಿ, ಬಂದುಹೋಗುವವರು, ಎಲ್ಲರಿಗೂ ಕಾಫಿಯೇ.

ಹಾಗಾದರೆ ಅಮ್ಮ ಇದೇ ಊರಲ್ಲಿದ್ದಾಳೆ. ಇಲ್ಲೇ ಇದ್ದೂ ಮನೆಗೆ ಬರುತ್ತಿಲ್ಲ. ಅಮ್ಮನಿಗೆ ಕಾಯಿಲೆ ಎಂಬ ಮಾತನ್ನು ಯಾರೂ ಅವಳ ಕಿವಿಗೆ ಬೀಳಲು ಬಿಟ್ಟಿರಲಿಲ್ಲ. ಪಾಪದ ಹುಡುಗಿಗೆ ಹೊಳೆದದ್ದು ಒಂದೇ: ಅಮ್ಮನಿಗೆ ನಾನು ಬೇಡ.

ಅವಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಮ್ಮನಿಗೆ ಚೆನ್ನಾಗಿ ತಟ್ಟಲಿ ಎಂದು ಕನ್ನಡದಲ್ಲೇ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದಳು.

"ನೀನು ಬರಬೇಡ. ನಂಗೆ ನೀನು ಬೇಡ."

ಕಮಲಾ ಅವಳ ಕೆನ್ನೆಗೆ ಬಾರಿಸಿ ಫೋನ್ ಇಟ್ಟಳು. ಆಗಲೂ ನಿಜ ಹೇಳಲಿಲ್ಲ.

ಅತ್ತ ಅಂಬುಜಾ ಸತ್ತ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. "ಕನ್ನಡದಲ್ಲಿ ಮಾತಾಡಿದ್ಳು ರೀ" ಎಂದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಒಂದ್ಸಲ ಕರ್ಕೊಂಡ್ಬನ್ನಿ. ಎಲ್ಲ ನಾನೇ ಹೇಳ್ತೀನಿ."

"ಭಾನುವಾರ ನೋಡೋಣ" ಎಂದ ರಾಮಚಂದ್ರ.

ಶನಿವಾರ ಬೆಳಿಗ್ಗೆಯೇ ಅವಳು ತೀರಿಕೊಂಡಳು.

ಸುಡುಗಾಡಿನಿಂದ ಬಂದ ರಾಮಚಂದ್ರ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಬೇರೆ ಸುಳ್ಳು ತೋಚಲಿಲ್ಲ. "ಅಮ್ಮ ಇನ್ನು ಬರಲ್ಲ ಪುಟ್ಟಾ" ಎಂದ.

ವಿಮಲಾ ತಲೆ ತಗ್ಗಿಸಿದಳು.

"ಗೊತ್ತು. ನಾನೇ ಬೇಡ ಅಂದೆ" ಎಂದಳು, ಕನ್ನಡದಲ್ಲೇ. "ಅಪ್ಪಾ, ಫೋನ್ ಮಾಡ್ಕೊಡು. ಬಾ ಅಂತೀನಿ."