ಮೇಣದ ಮೇಲಿನ ಹೆಜ್ಜೆ

ಹಿತ್ತಲಿಂದ ಮುನಿರಾಜ್ ಎಳೆದು ತಂದ ಹಲಗೆ ಬಾಗಿಲಿಗೆ ಸಿಕ್ಕಿಕೊಂಡಿತು. ಒಂಬತ್ತು ಅಡಿ ಉದ್ದ. ಓರೆ ಮಾಡಿ ಅಂಗಳಕ್ಕಿಳಿಸಿ, ಎರಡೂ ತುದಿಗೆ ಇಟ್ಟಿಗೆ ಕೊಟ್ಟು, ತೀರಿಕೊಂಡ ಅಣ್ಣನನ್ನು ಅದರ ಮೇಲೆ ಮಲಗಿಸಿದ. ಕೊನೆಯ ಸ್ನಾನಕ್ಕೆ ಹಲಗೆ ಬೇಕಿತ್ತು. ಕೈಗೆ ಸಿಕ್ಕಿದ್ದು ಇದು.

ಶಿವಾಜಿನಗರದಿಂದ ಆಗಷ್ಟೇ ಬಂದ ಅಣ್ಣನ ಗೆಳೆಯ ಶೌಕತ್ ಗೇಟಿನಲ್ಲೇ ನಿಂತುಬಿಟ್ಟ.

"ಅದು ಸ್ನಾನದ ಹಲಗೆ ಅಲ್ಲ ಮುನಿರಾಜಣ್ಣ. ಸಮುದ್ರದ್ದು. ಅಲೆ ಮೇಲೆ ನಿಂತ್ಕೊಂಡು ಹೋಗೋ ಬೋರ್ಡು."

"ಮಲಗಿಸಿದ್ದಾಯ್ತು ಬಿಡಪ್ಪ, ಮತ್ತೆ ಎತ್ತೋಕಾಗಲ್ಲ. ಅಣ್ಣಂಗೇನೂ ಬೇಜಾರಿರಲ್ಲ."

ಕೆ.ಆರ್. ಪುರದ ಹಳೇ ಊರಿನ ಆ ಅಂಗಳದಲ್ಲಿ ಯಾರೋ ಮೆಲ್ಲಗೆ ನಕ್ಕರು. ತೀರಿಕೊಂಡವನ ಹೆಂಡತಿ ಅಕ್ಕಯಮ್ಮ ನಗಲಿಲ್ಲ. ಹತ್ತು ವರ್ಷ ಅವಳು ಹೆದರಿದ್ದು ಇದೇ ನೋಟಕ್ಕೆ: ಗಂಡ ಆ ಹಲಗೆಯ ಮೇಲೆ, ಕಣ್ಣು ಮುಚ್ಚಿ, ಮೈಯಿಂದ ನೀರಿಳಿಯುತ್ತ. ಆದರೆ ಮುನಿಆಂಜನಪ್ಪನ ಎದೆಬಡಿತ ನಿಂತದ್ದು ನಿನ್ನೆ ಸಂಜೆ, ಜಗಲಿಯ ಮೇಲೆ, ಕಾಫಿ ಲೋಟ ಕೈಯಲ್ಲಿರುವಾಗ.

* * *

ಮುನಿಆಂಜನಪ್ಪ ವ್ಯಾನ್ ಓಡಿಸುತ್ತಿದ್ದ. ಶನಿವಾರ ಇಂದಿರಾನಗರದ ಹುಡುಗರನ್ನು ಮಹಾಬಲಿಪುರದ ಕಡಲಿಗೆ ಕರೆದೊಯ್ದು, ಮರಳಲ್ಲಿ ಕೂತು ಕಾಯುತ್ತಿದ್ದ. ನಲವತ್ತೆಂಟನೆಯ ವಯಸ್ಸಿಗೆ ತಾನೂ ಹಲಗೆ ಹಿಡಿದು ನೀರಿಗಿಳಿದ.

"ಉದ್ದದ ಹಲಗೆ ಅವಸರ ಮಾಡಲ್ಲ ಕಣೆ. ಅಲೆ ಬಂದು ಎತ್ಕೊಂಡ್ರೆ, ಕೆರೆ ಏರಿ ಮೇಲೆ ನಡೆದಂಗೆ ನಡೀಬಹುದು."

ಅಕ್ಕಯಮ್ಮನ ತಮ್ಮ ಕೆರೆಗಿಳಿದವನು ಮೇಲೆ ಬಂದಿರಲಿಲ್ಲ. ಮಗಳು ನಿಖಿತಾ ಅಪ್ಪನ ಜೊತೆ ಹೊರಟು ನಿಂತ ದಿನ ಅವಳು ದಾರಿಗಡ್ಡ ನಿಂತಳು.

"ನೀವು ಏನಾದ್ರೂ ಮಾಡ್ಕೊಳ್ಳಿ. ಇವಳನ್ನ ನೀರಿಗೆ ಇಳಿಸಲ್ಲ ಅಂತ ಗಂಗಮ್ಮನ ದೀಪ ಮುಟ್ಟಿ ಹೇಳಿ."

ಅವನು ಮುಟ್ಟಿ ಹೇಳಿದ. ಭಾನುವಾರ ಮನೆಗೆ ಬಂದಾಗಲೆಲ್ಲ ತಾಯಿ ಕೇಳುವ ಮುಂಚೆಯೇ ಮಗಳು ಹೇಳುತ್ತಿದ್ದಳು: "ಮರಳಲ್ಲೇ ಕೂತಿದ್ದೆ ಅಮ್ಮ."

* * *

ಸ್ನಾನ ಮುಗಿಸಿ ದೇಹವನ್ನೆತ್ತಿ ಚಟ್ಟಕ್ಕೆ ಕಟ್ಟಿದರು. ಬರಿದಾದ ಹಲಗೆಯ ಮೇಲೆ ಬಿಸಿಲು ಓರೆಯಾಗಿ ಬಿತ್ತು. ಕಾಲು ಜಾರದಿರಲೆಂದು ಬಳಿದ ಮೇಣದಲ್ಲಿ ಎರಡು ದೊಡ್ಡ ಪಾದಗಳ ಗುಳಿ. ಅವಕ್ಕಿಂತ ಒಂದು ಮೊಳ ಮುಂದೆ ಎರಡು ಸಣ್ಣವು. ಎಡಪಾದದಲ್ಲಿ ಕಿರುಬೆರಳಿನ ಗುರುತೇ ಇರಲಿಲ್ಲ. ಪಕ್ಕದ ಬೆರಳ ಮೇಲೆ ಹತ್ತಿ ಕೂತ ಮಗಳ ಆ ಕಿರುಬೆರಳಿಗೆ ಎಣ್ಣೆ ಹಚ್ಚಿ ನೀವಿ ಬೆಳೆಸಿದವಳು ಅಕ್ಕಯಮ್ಮ.

"ಯಾವತ್ತಿಂದ?"

ನಿಖಿತಾ ನೆಲ ನೋಡಿದಳು. "ಎರಡು ವರ್ಷ ಆಯ್ತಮ್ಮ. ಹಿಂದೆ ಅಪ್ಪ ಇರ್ತಿದ್ರು."

"ದೀಪ ಮುಟ್ಟಿ ಹೇಳಿದ್ರಲ್ಲೇ."

ಅಕ್ಕಯಮ್ಮ ಚಟ್ಟದ ಕಡೆ ನೋಡಿ, ಮತ್ತೆ ಮಗಳ ಕಾಲು ನೋಡಿದಳು.

"ಇನ್ಮೇಲೆ ಹಿಂದೆ ಯಾರಿರ್ತಾರೆ?"

ಗೇಟಿನಾಚೆ ತಮಟೆ ಶುರುವಾಯಿತು. "ಅತ್ತಿಗೆ, ಹೊರಡ್ಬೇಕು," ಎಂದ ಮುನಿರಾಜ್.

ಅವಳು ಚೆಂಬಿನಲ್ಲಿ ಉಳಿದ ನೀರನ್ನು ಹಲಗೆಗೆ ಸುರಿದು, ಮಂಡಿಯೂರಿ, ಸೀಗೆಪುಡಿ ಹಾಕಿ ಉಜ್ಜತೊಡಗಿದಳು. ದೊಡ್ಡ ಹೆಜ್ಜೆಗಳನ್ನು ಮುಟ್ಟಲಿಲ್ಲ, ಸಣ್ಣವನ್ನು ಮಾತ್ರ. ನೀರು ಮೇಣಕ್ಕೆ ಅಂಟಲಿಲ್ಲ. ಹನಿಹನಿಯಾಗಿ ಉರುಳಿ, ಮತ್ತೆ ಮತ್ತೆ ಆ ಎರಡು ಸಣ್ಣ ಪಾದಗಳಲ್ಲೇ ಬಂದು ನಿಲ್ಲುತ್ತಿತ್ತು.